ಊರ ಶಾಲೆಗೆ ವಂತಿಗೆ ಎತ್ತುವ ಮುನ್ನ: ಕೊಡುವವರ ಮನಸ್ಸನ್ನು ಅರಿತು ಕೇಳುವ ಕ್ರಮ

ಮಂಡ್ಯ ಕಡೆಯ ಯಾವ ಊರಿಗೆ ಹೋದರೂ ರಸೀದಿ ಪುಸ್ತಕ ಹಿಡಿದವರು ಸಿಗುತ್ತಾರೆ. ಮಾರಿಹಬ್ಬ, ಗಣೇಶ, ರಾಜ್ಯೋತ್ಸವ, ದೇವಸ್ಥಾನದ ಗೋಪುರ, ಹೀಗೆ ವರ್ಷವಿಡೀ ಏನಾದರೊಂದು ಇದ್ದೇ ಇರುತ್ತದೆ. ಈಗ ಆ ಸಾಲಿಗೆ ಸರ್ಕಾರಿ ಶಾಲೆಗಳ ಹಳೆ ವಿದ್ಯಾರ್ಥಿ ಸಂಘಗಳೂ ಸೇರಿವೆ. ಹಬ್ಬಕ್ಕೆ ಹುಟ್ಟುವ ದುಡ್ಡು ಶಾಲೆಗೆ ಹುಟ್ಟುವುದಿಲ್ಲ ಎಂಬುದು ಇಂಥ ಸಂಘಗಳ ಮಾಮೂಲಿ ಗೋಳು. ಜನಕ್ಕೆ ಕೈ ಬಿಗಿ ಎಂದು ಬೈದು ಸುಮ್ಮನಾಗುವ ಬದಲು ಕೇಳುವ ಕ್ರಮ ತಿದ್ದಿಕೊಳ್ಳುವುದು ಲೇಸು. ಜನ ಯಾವಾಗ ಕೊಡುತ್ತಾರೆ, ಯಾವಾಗ ಮುಖ ತಿರುಗಿಸುತ್ತಾರೆ ಎಂಬುದರ ಮೇಲೆ ಅರ್ಥಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ನರವಿಜ್ಞಾನಿಗಳೂ ಬೇಕಾದಷ್ಟು ಕೆಲಸ ಮಾಡಿದ್ದಾರೆ. ಅದನ್ನು ಮಂಡ್ಯ, ಮೈಸೂರಿನ ಲೆಕ್ಕಕ್ಕೆ ಇಳಿಸಿ ಇಲ್ಲಿ ಕೊಟ್ಟಿದ್ದೇವೆ.

ಉದಾಹರಣೆಗೆ ಒಂದು ಹಿರಿಯ ಪ್ರಾಥಮಿಕ ಶಾಲೆ ಎಂದಿಟ್ಟುಕೊಳ್ಳಿ. ಶೌಚಾಲಯ ದುರಸ್ತಿ ಆಗಬೇಕು, ನೀರಿನ ಸಂಪು ಕಟ್ಟಬೇಕು, ಒಟ್ಟು 3,00,000 ರೂಪಾಯಿ ಬೇಕು. ಊರಲ್ಲಿ ಸುಮಾರು 200 ಮನೆ. ಮೈಸೂರು, ಬೆಂಗಳೂರಲ್ಲಿ ಕೆಲಸಕ್ಕಿರುವ ಹಳೆ ವಿದ್ಯಾರ್ಥಿಗಳು ನೂರರ ಆಸುಪಾಸು.

ಕೊಡುವಾಗ ತಲೆಯೊಳಗೆ ಏನಾಗುತ್ತದೆ

2006ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೋರ್ಜೆ ಮೋಲ್, ಜೋರ್ಡನ್ ಗ್ರಾಫ್‌ಮನ್ ಮತ್ತು ಸಂಗಡಿಗರು 19 ಜನರನ್ನು, ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಯಾವ ಸಂಸ್ಥೆಗೆ ಹಣ ಕೊಡುತ್ತೀರಿ, ಯಾವುದಕ್ಕೆ ಕೊಡುವುದಿಲ್ಲ ಎಂದು ಒಂದೊಂದಾಗಿ ಕೇಳಿದರು. ಹಣ ಕೈಗೆ ಬಂದಾಗ ಚುರುಕಾಗುವ ಮಿದುಳಿನ ಭಾಗಗಳೇ ಹಣ ಕೊಡುವಾಗಲೂ ಚುರುಕಾದವು. ಜೊತೆಗೆ, ಬಾಂಧವ್ಯಕ್ಕೆ ಸಂಬಂಧಪಟ್ಟದ್ದೆಂದು ಗುರುತಿಸಿರುವ ಇನ್ನೊಂದು ಭಾಗ ಕೊಡುವಾಗ ಹೆಚ್ಚು ಚುರುಕಾಯಿತು. ಮರುವರ್ಷ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಹಾರ್ಬೋ, ಉಲ್ರಿಕ್ ಮಾಯರ್ ಮತ್ತು ಡೇನಿಯಲ್ ಬರ್ಗ್‌ಹಾರ್ಟ್ ಇದನ್ನೇ ಇನ್ನಷ್ಟು ಬಿಡಿಸಿ ನೋಡಿದರು. 19 ಹೆಣ್ಣುಮಕ್ಕಳಿಗೆ ತಲಾ 100 ಡಾಲರ್ ಕೊಟ್ಟು, ಅದರಲ್ಲಿ ಸ್ವಲ್ಪವನ್ನು ಹಸಿದವರಿಗೆ ಆಹಾರ ಹಂಚುವ ಸಂಸ್ಥೆಗೆ ಕೆಲವು ಸಲ ತೆರಿಗೆಯ ಹಾಗೆ ಕಡಿದುಕೊಂಡರು, ಕೆಲವು ಸಲ ಕೊಡುವುದು ಬಿಡುವುದನ್ನು ಅವರಿಗೇ ಬಿಟ್ಟರು. ಕಡಿದುಕೊಂಡಾಗಲೂ ವೆಂಟ್ರಲ್ ಸ್ಟ್ರಯೇಟಂ ಎಂಬ, ಹಿತ ಸಿಕ್ಕಾಗ ಚುರುಕಾಗುವ ಮಿದುಳಿನ ಭಾಗ ಚುರುಕಾಯಿತು. ತಾವಾಗಿ ಇಷ್ಟಪಟ್ಟು ಕೊಟ್ಟಾಗ ಇನ್ನೂ ಹೆಚ್ಚು.

ಇಲ್ಲೊಂದು ಎಚ್ಚರಿಕೆ. ದಾನ ಮಾಡಿದರೆ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಉಕ್ಕುತ್ತದೆ ಎಂದು ವಾಟ್ಸಾಪಿನಲ್ಲಿ ಹರಿದಾಡುವ ಮಾತನ್ನು ಕರಪತ್ರಕ್ಕೆ ಹಾಕಬೇಡಿ. ಎಫ್‌ಎಂಆರ್‌ಐ ಡೋಪಮೈನ್ ಅಳೆಯುವುದಿಲ್ಲ. ಮಿದುಳಿನಲ್ಲಿ ರಕ್ತದ ಆಮ್ಲಜನಕ ಎಲ್ಲಿ ಎಷ್ಟು ವ್ಯತ್ಯಾಸವಾಯಿತು ಎಂಬುದನ್ನಷ್ಟೇ ತೋರಿಸುತ್ತದೆ. ಮೇಲಾಗಿ ಹತ್ತೊಂಬತ್ತು ಜನ ಎಂದರೆ ಒಂದು ಮಿನಿ ಬಸ್ಸೂ ತುಂಬುವುದಿಲ್ಲ. ಆದರೂ ಈ ಫಲಿತಾಂಶಗಳು, ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ 1989 ಮತ್ತು 1990ರಲ್ಲಿ ಬರೆದದ್ದಕ್ಕೆ ಒಗ್ಗುತ್ತವೆ. ಕೆಲಸ ಆಯಿತೆಂಬ ಸಮಾಧಾನ ಒಂದು ಕಡೆಯಾದರೆ, ತಾನು ಕೊಟ್ಟೆ ಎಂಬ ಹಿತವೇ ಬೇರೆ, ಜನ ಆ ಹಿತಕ್ಕಾಗಿಯೂ ಕೊಡುತ್ತಾರೆ ಎಂಬುದು ಅವರ ವಾದ.

ಇದರ ಇನ್ನೊಂದು ಮುಖವೂ ಇದೆ. ಸ್ಟೆಫಾನೊ ಡೆಲ್ಲಾವಿನ್ಯ, ಜಾನ್ ಲಿಸ್ಟ್, ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಮೂವರು ಶಿಕಾಗೊ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆಗೆ ಜನ ಕಳಿಸಿ ಚಂದಾ ಎತ್ತಿಸಿ ನೋಡಿದರು. ಕೆಲವು ಮನೆಗಳ ಬಾಗಿಲಿಗೆ, ನಾಳೆ ಇಷ್ಟು ಹೊತ್ತಿಗೆ ಬರುತ್ತೇವೆ ಎಂಬ ಚೀಟಿಯನ್ನು ಹಿಂದಿನ ದಿನವೇ ನೇತುಹಾಕಿದ್ದರು. ಅಂಥ ಮನೆಗಳಲ್ಲಿ ಬಾಗಿಲು ತೆಗೆದವರು ಶೇ. 9ರಿಂದ 25ರಷ್ಟು ಕಡಿಮೆ. ಚೀಟಿಯಲ್ಲಿ 'ನಮ್ಮ ಮನೆಗೆ ಬರಬೇಡಿ' ಎಂದು ಗುರುತು ಹಾಕಲು ಜಾಗ ಬಿಟ್ಟಾಗ ಕೊಡುವವರು ಶೇ. 28ರಿಂದ 42ರಷ್ಟು ಇಳಿದರು. ಇಳಿದದ್ದು ಮುಖ್ಯವಾಗಿ ಚಿಲ್ಲರೆ ಮೊತ್ತಗಳು, ದೊಡ್ಡವು ಹಾಗೇ ಉಳಿದವು. 2012ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಬಾಗಿಲಲ್ಲಿ ಬೀಳುವ ಹಣದಲ್ಲಿ ಒಳ್ಳೆಯ ಪಾಲು, ಎದುರಿಗೆ ನಿಂತವರಿಗೆ ಇಲ್ಲ ಎನ್ನಲಾಗದ ದಾಕ್ಷಿಣ್ಯದ ಹಣ.

ದಾಕ್ಷಿಣ್ಯದ ಹಣ ಒಮ್ಮೆ ಬರುತ್ತದೆ. ಮುಂದಿನ ಸಲ ನಿಮ್ಮನ್ನು ದೂರದಿಂದ ಕಂಡವರು ಹಿತ್ತಲ ಬಾಗಿಲಿನಿಂದ ಗದ್ದೆ ಕಡೆ ಹೊರಡುತ್ತಾರೆ. ಆದ್ದರಿಂದ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ನೋಡಬೇಕಾದದ್ದು ಒಂದೇ: ಇದರಿಂದ ಕೊಡುವವರ ಹಿತ ಹೆಚ್ಚುತ್ತದೆಯೋ, ಮುಲಾಜು ಹೆಚ್ಚುತ್ತದೆಯೋ.

ಹೆಜ್ಜೆ 1: ಒಂದು ಕೆಲಸ, ಒಂದು ಮೊತ್ತ

'ಶಾಲೆಯ ಸರ್ವಾಂಗೀಣ ಅಭಿವೃದ್ಧಿ' ಎಂದು ಬರೆದ ರಸೀದಿ ಪುಸ್ತಕಕ್ಕೆ ಹಣ ಹುಟ್ಟುವುದು ಕಷ್ಟ, ಏಕೆಂದರೆ ತನ್ನ ಐನೂರು ಎಲ್ಲಿ ಹೋಯಿತು ಎಂದು ಕೊಟ್ಟವರಿಗೆ ಕಾಣುವುದೇ ಇಲ್ಲ. ನಾಲ್ಕು ಬಾಗಿಲು, ಒಂದು ಸಂಪು, ಒಂದು ಮೋಟಾರು, ಓವರ್‌ಹೆಡ್ ಟ್ಯಾಂಕು, ಪೈಪು, ಕೂಲಿ ಎಂದು ಪಟ್ಟಿ ಮಾಡಿ. ಇಬ್ಬರು ಗಾರೆ ಮೇಸ್ತ್ರಿಗಳಿಂದಲೂ ಇಬ್ಬರು ಪ್ಲಂಬರುಗಳಿಂದಲೂ ಬರವಣಿಗೆಯಲ್ಲಿ ಅಂದಾಜು ತರಿಸಿ. ಅದರ ಮೇಲೆ ಶೇ. 10 ಸೇರಿಸಿ. ಆ ಶೇ. 10 ಯಾಕೆಂದು ಪಟ್ಟಿಯಲ್ಲೇ ಹೇಳಿ.

ಹೆಜ್ಜೆ 2: ಸದ್ದಿಲ್ಲದೆ ಮೂರನೇ ಒಂದು ಪಾಲು ಕೂಡಿಸಿ

ಹೆಚ್ಚಿನ ಸಂಘಗಳು ಎಡವುವುದು ಇಲ್ಲೇ. ಮೊದಲ ದಿನವೇ ವಾಟ್ಸಾಪ್ ಗುಂಪು ಮಾಡಿ ಮುನ್ನೂರು ಜನರನ್ನು ಸೇರಿಸಿ, ಸೊನ್ನೆಯಿಂದ ಶುರು ಮಾಡುತ್ತಾರೆ. ಯಾರೂ ಮೊದಲು ಕೈ ಹಾಕುವುದಿಲ್ಲ, ಎರಡನೇ ವಾರಕ್ಕೆ ಗುಂಪಿನಲ್ಲಿ ಬರೀ ಗುಡ್ ಮಾರ್ನಿಂಗ್.

ಜಾನ್ ಲಿಸ್ಟ್ ಮತ್ತು ಡೇವಿಡ್ ಲಕಿಂಗ್-ರೈಲಿ ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದ ಕೇಂದ್ರಕ್ಕೆ ಕಂಪ್ಯೂಟರು ಕೊಳ್ಳಲು ಪತ್ರ ಬರೆದು ಹಣ ಕೇಳಿದಾಗ, ಕೆಲವರಿಗೆ ಗುರಿಯ ಶೇ. 10 ಆಗಲೇ ಬಂದಿದೆ ಎಂದೂ ಕೆಲವರಿಗೆ ಶೇ. 67 ಬಂದಿದೆ ಎಂದೂ ತಿಳಿಸಿದರು. ಎರಡನೇ ಬಗೆಯ ಪತ್ರಕ್ಕೆ ಬಂದ ಹಣ ಮೊದಲನೆಯದರ ಸುಮಾರು ಆರು ಪಟ್ಟು. ಮುಂಚೆ ಕೊಟ್ಟವರಿದ್ದಾರೆ ಎಂದರೆ ಇದು ನಂಬುವ ಕೆಲಸ, ಅರ್ಧಕ್ಕೆ ನಿಲ್ಲುವುದಿಲ್ಲ ಎಂಬ ಧೈರ್ಯ ಬರುತ್ತದೆ.

ನಮ್ಮ 3,00,000ಕ್ಕೆ ಹೀಗೆ ಹಂಚಿಕೊಳ್ಳಬಹುದು. ಮೊದಲ ಸುತ್ತು 1,00,000: ಇಬ್ಬರಿಂದ ತಲಾ 25,000, ಮೂವರಿಂದ ತಲಾ 10,000, ನಾಲ್ವರಿಂದ ತಲಾ 5,000. ಇದನ್ನು ಮುಖತಃ ಹೋಗಿ ಕೇಳಬೇಕು, ಗುಂಪಿನಲ್ಲಲ್ಲ. ಎರಡನೇ ಸುತ್ತು 1,20,000: ಹೊರಗಿರುವ ಹಳೆ ವಿದ್ಯಾರ್ಥಿಗಳಲ್ಲಿ 60 ಜನರಿಂದ ಸರಾಸರಿ 2,000. ಮೂರನೆಯದು ಊರಿನೊಳಗಿನ 80,000, ಮನೆಗೆ ಸರಾಸರಿ 400. ಊರವರನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಅವರ ಬಳಿ ಹೋಗುವ ಹೊತ್ತಿಗೆ ಸಂಪಿನ ಗುಂಡಿ ತೆಗೆದಾಗಿರಬೇಕು, ಕಣ್ಣಿಗೆ ಕಾಣಬೇಕು.

25,000 ಕೊಡುವವರು 'ಬೇರೆಯವರು ಎಷ್ಟು ಕೊಡುತ್ತಾರೋ ಅಷ್ಟನ್ನು ನಾನೂ ಸೇರಿಸುತ್ತೇನೆ' ಎಂದರೆ ಒಪ್ಪಿಕೊಳ್ಳಿ. ಡೀನ್ ಕಾರ್ಲನ್ ಮತ್ತು ಲಿಸ್ಟ್ 50,000 ಹಿಂದಿನ ದಾನಿಗಳ ಮೇಲೆ ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪತ್ರವೊಂದಕ್ಕೆ ಬಂದ ಹಣ ಶೇ. 19ರಷ್ಟು ಏರಿತು. ಆದರೆ ರೂಪಾಯಿಗೆ ಎರಡು, ರೂಪಾಯಿಗೆ ಮೂರು ಸೇರಿಸುತ್ತೇವೆ ಎಂದರೂ ಹೆಚ್ಚೇನೂ ಲಾಭ ಸಿಗಲಿಲ್ಲ. ಒಂದಕ್ಕೆ ಒಂದು ಸಾಕು.

ಹೆಜ್ಜೆ 3: ಕೈಖರ್ಚು ಯಾರದೆಂದು ಮೊದಲೇ ಹೇಳಿ

ಕರಪತ್ರ, ಬ್ಯಾನರು, ಪೆಟ್ರೋಲು, ಕಾಫಿ ತಿಂಡಿ ಇವು ವಂತಿಗೆ ಹಣದಲ್ಲಿ ಆಗುತ್ತವೆಯೇ? ಬಾಯಿಬಿಟ್ಟು ಕೇಳದಿದ್ದರೂ ಎಲ್ಲರ ಮನಸ್ಸಿನಲ್ಲಿ ಇದೇ ಪ್ರಶ್ನೆ. ಯೂರಿ ಗ್ನೀಜಿ, ಎಲಿಜಬೆತ್ ಕೀನನ್, ಆಯ್ಲೆಟ್ ಗ್ನೀಜಿ 40,000 ಜನರಿಗೆ ಪತ್ರ ಕಳಿಸಿ ನೋಡಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಡಳಿತ ಖರ್ಚನ್ನು ಬೇರೊಬ್ಬ ದಾನಿ ಭರಿಸಿದ್ದಾರೆ, ನಿಮ್ಮ ಹಣವೆಲ್ಲ ನೇರ ಕೆಲಸಕ್ಕೆ ಎಂದು ತಿಳಿಸಿದ್ದೇ ಎಲ್ಲಕ್ಕಿಂತ ಹೆಚ್ಚು ಹಣ ತಂದಿತು. ಇಷ್ಟು ಹಣ ಆಗಲೇ ಬಂದಿದೆ ಎನ್ನುವುದು, ನೀವು ಕೊಟ್ಟಷ್ಟನ್ನು ಇನ್ನೊಬ್ಬರೂ ಸೇರಿಸುತ್ತಾರೆ ಎನ್ನುವುದು, ಎರಡನ್ನೂ ಅದು ಮೀರಿಸಿತು. ಸಮಿತಿಯ ಹತ್ತು ಜನ ತಲಾ 500 ಹಾಕಿಕೊಂಡರೆ ನಿಮ್ಮ ಖರ್ಚಿಗೆ 5,000 ಆಗುತ್ತದೆ. ಅದನ್ನು ಕರಪತ್ರದ ಎರಡನೇ ಸಾಲಿನಲ್ಲೇ ಬರೆಯಿರಿ.

ಹೆಜ್ಜೆ 4: ಬರೆಯುವ ಮಾತು

2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಪ್ರಕಟಿಸಿದ ಪ್ರಯೋಗ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಜನರಿಗೆ ತಲಾ 5 ಡಾಲರ್ ಕೊಟ್ಟು, ಒಂದು ಗುಂಪಿಗೆ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ವಿಷಯ ಓದಿಸಿದರು, ಇನ್ನೊಂದಕ್ಕೆ ಆಫ್ರಿಕಾದ ಲಕ್ಷಾಂತರ ಹಸಿದವರ ಅಂಕಿ ಅಂಶ, ಮತ್ತೊಂದಕ್ಕೆ ಎರಡನ್ನೂ. ಹುಡುಗಿಗೆ ಸರಾಸರಿ 2.38 ಡಾಲರ್ ಬಂತು, ಅಂಕಿಗಳಿಗೆ 1.14. ಎರಡನ್ನೂ ಓದಿದವರು ಕೊಟ್ಟದ್ದು 1.43. ಅಂಕಿ ಸೇರಿದ್ದರಿಂದ ಹುಡುಗಿಯ ಪಾಲೂ ತಗ್ಗಿತು. ಒಬ್ಬರ ಕಷ್ಟಕ್ಕೆ ಮನಸ್ಸು ಕರಗುತ್ತದೆ, ಲಕ್ಷ ಎಂದ ಕೂಡಲೇ ಅದು ಲೆಕ್ಕಕ್ಕೆ ಕೂರುತ್ತದೆ.

ಹಾಗೆಂದು ಊರಿನ ಮಗುವೊಂದರ ಫೋಟೊ ಹಾಕಿ ಗುಂಪುಗಳಿಗೆ ತೇಲಿಬಿಡುವುದು ಸರ್ವಥಾ ಬೇಡ. ಎಲ್ಲರಿಗೆ ಎಲ್ಲರೂ ಗೊತ್ತಿರುವ ಊರಿನಲ್ಲಿ ಆ ಮಗು ಎಸ್‌ಎಸ್‌ಎಲ್‌ಸಿ ಮುಗಿಸುವವರೆಗೂ ಆ ಫೋಟೊ ಹೊತ್ತುಕೊಂಡೇ ತಿರುಗಬೇಕು. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಕೂಡ ಪೋಷಣೆ, ರಕ್ಷಣೆ ಬೇಕಾದ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸಬಾರದೆನ್ನುತ್ತದೆ. ಹೆಸರಿಲ್ಲದೆಯೂ ಕಣ್ಣಿಗೆ ಕಟ್ಟುವಂತೆ ಬರೆಯಬಹುದು. ಒಂದು ಮಾದರಿ, ನಿಮ್ಮ ಶಾಲೆಯಲ್ಲಿ ನಿಜವಾಗಿ ಇರುವುದನ್ನು ನೋಡಿಕೊಂಡು ತಿದ್ದಿಕೊಳ್ಳಿ:

'ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನ ಹೆಣ್ಣುಮಕ್ಕಳು ಬೆಳಗ್ಗೆ ಮನೆ ಬಿಡುವ ಮುಂಚೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಬಾಗಿಲ ಚಿಲಕ ಕಿತ್ತಿದೆ. ಒಳಗೆ ಒಬ್ಬಳು ಹೋದರೆ ಹೊರಗೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲುತ್ತಾಳೆ. ನಾಲ್ಕು ಬಾಗಿಲು, ಒಂದು ಸಂಪು, ಒಂದು ಮೋಟಾರಿಗೆ 3,00,000 ಬೇಕು. 1,00,000 ಬಂದಿದೆ. ಓಡಾಟದ ಖರ್ಚು ಸಮಿತಿಯವರದು. ನಿಮಗೆ ತೋಚಿದಷ್ಟು ಕೊಡಿ.'

ಇಷ್ಟೇ ಸಾಕು. 'ವಿದ್ಯಾದಾನ ಮಹಾದಾನ', ಜಿಲ್ಲೆಯ ಎಷ್ಟು ಶಾಲೆಗಳಲ್ಲಿ ಶೌಚಾಲಯ ಇಲ್ಲ ಎಂಬ ಅಂಕಿ, ಸಮಿತಿಯ ಹದಿನೆಂಟು ಪದಾಧಿಕಾರಿಗಳ ಫೋಟೊ ಯಾವುದೂ ಬೇಡ. ಹಣ ಬರುತ್ತಾ ಹೋದಂತೆ ಸಾಲು ಬದಲಿಸಿ: ಅರ್ಧ ದಾಟುವವರೆಗೆ 'ಇಷ್ಟು ಬಂದಿದೆ', ಕೊನೆಯ ಹಂತದಲ್ಲಿ 'ಇನ್ನು 22,000 ಬಾಕಿ'. ಗುರಿ ಹತ್ತಿರವಾದಾಗ ತನ್ನ ಹಣದಿಂದಲೇ ಕೆಲಸ ಮುಗಿಯಿತು ಎನಿಸುತ್ತದೆ, ಕೈ ಸಲೀಸಾಗಿ ಬಿಚ್ಚುತ್ತದೆ.

ಹೆಜ್ಜೆ 5: ಕಾಲ

ಊರಿನಲ್ಲಿ ಭತ್ತದ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದ ಮೇಲೆ ಕೇಳಿ, ಇಲ್ಲವೇ ಕಬ್ಬಿನ ಬಟವಾಡೆ ಖಾತೆಗೆ ಬಿದ್ದ ಹದಿನೈದು ದಿನದೊಳಗೆ. ಏಪ್ರಿಲ್, ಮೇ ತಿಂಗಳು ಮದುವೆ ಮುಯ್ಯಿಗೇ ಸರಿಹೋಗುತ್ತದೆ. ಜೂನಿನಲ್ಲಿ ಶಾಲೆ ಫೀಜು, ಬಿತ್ತನೆ, ಗೊಬ್ಬರ. ಊರಹಬ್ಬದ ವಂತಿಗೆ ಎತ್ತಿದ ತಿಂಗಳಲ್ಲಂತೂ ಹೋಗಲೇಬೇಡಿ. ಮೈಸೂರಿನಲ್ಲಿ ಸಂಬಳದವರಾದರೆ ತಿಂಗಳ ಮೊದಲ ವಾರ. ದುಡ್ಡಿಲ್ಲದವರು ಒಂದು ಮೂಟೆ ಭತ್ತವನ್ನೋ ಎರಡು ದಿನದ ಆಳನ್ನೋ ಕೊಡುತ್ತೇವೆಂದರೆ ಅದನ್ನೂ ಬೆಲೆ ಕಟ್ಟಿ ರಸೀದಿ ಹಾಕಿ.

ಹೆಜ್ಜೆ 6: ಬಾಗಿಲಲ್ಲಿ

ಎರಡು ದಿನ ಮುಂಚೆ ಪ್ರತಿ ಮನೆಗೂ ಚೀಟಿ ಕೊಡಿ: ಯಾವ ಕೆಲಸ, ಎಷ್ಟು ಬೇಕು, ಯಾವಾಗ ಬರುತ್ತೀರಿ. ಕೆಲವು ಮನೆ ತಪ್ಪಿಹೋಗುತ್ತವೆ, ಹೋಗಲಿ. ಆರೇಳು ಜನ ಗುಂಪುಗಟ್ಟಿ ಹೋದರೆ ಅದು ವಸೂಲಿಯ ಹಾಗೆ ಕಾಣುತ್ತದೆ. ಇಬ್ಬರು ಸಾಕು, ಅದರಲ್ಲಿ ಒಬ್ಬರು ಹೆಂಗಸಾದರೆ ಒಳ್ಳೆಯದು.

ಸಾಮಾನ್ಯವಾಗಿ ಕೇಳಿಬರುವುದು ಇದು: 'ಏನಣ್ಣ, ಎಷ್ಟ್ ಬರ್ಕಳನ? ಪಕ್ಕದ್ಮನೆಯೋರು ಎರಡ್ ಸಾವ್ರ ಬರ್ಸವ್ರೆ.' ಇಲ್ಲ ಎನ್ನಲು ಜಾಗವೇ ಇಲ್ಲ. ಕೊಟ್ಟವರಿಗೂ ಕೊಟ್ಟ ಹಿತ ದಕ್ಕುವುದಿಲ್ಲ. ಅದರ ಬದಲು: 'ಅಣ್ಣ, ಮೊನ್ನೆ ಚೀಟಿ ಕೊಟ್ಟಿದ್ದೊ, ಸ್ಕೂಲ್ ವಿಸ್ಯ. ನೂರ್ ರುಪಾಯ್ ಕೊಟ್ರೂ ಅನುಕೂಲ ಆಯ್ತದೆ. ಆಗ್ನಿಲ್ಲ ಅಂದ್ರೆ ಬ್ಯಾಡ, ಆಮೇಕೆ ಬೇಕಾದ್ರೆ ಮೇಷ್ಟ್ರ ತಾವ ಕೊಟ್ರೂ ಆಯ್ತು.'

ಇದರಲ್ಲಿ ಎರಡು ಪರೀಕ್ಷಿತ ಸಂಗತಿಗಳಿವೆ. 1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಡೇವಿಡ್ ಶ್ರೋಡರ್ ಕ್ಯಾನ್ಸರ್ ಸಂಸ್ಥೆಗೆ ಮನೆಮನೆಯಲ್ಲಿ ಕೇಳಿಸಿದಾಗ, 'ಒಂದು ಪೆನ್ನಿ ಕೊಟ್ಟರೂ ಉಪಕಾರವೇ' ಎಂಬ ಒಂದು ಮಾತು ಸೇರಿಸಿದ್ದಕ್ಕೆ ಕೊಟ್ಟವರು ಶೇ. 29ರಿಂದ 50ಕ್ಕೆ ಏರಿದರು, ತಲಾ ಮೊತ್ತವೇನೂ ಇಳಿಯಲಿಲ್ಲ. ಎರಡನೆಯದು, ಕೊಡುವುದು ಬಿಡುವುದು ನಿಮಗೆ ಸೇರಿದ್ದು ಎಂಬ ಮಾತು. ಫ್ರಾನ್ಸಿನಲ್ಲಿ ನಿಕೊಲಾ ಗೆಗಾನ್, ಅಲೆಕ್ಸಾಂಡರ್ ಪಾಸ್ಕಲ್ 2000ದಲ್ಲಿ ರಸ್ತೆಯಲ್ಲಿ ಬಸ್ಸಿನ ಚಿಲ್ಲರೆ ಕೇಳಿಸಿ ನೋಡಿದಾಗ ಈ ಮಾತು ಸೇರಿದ ಕಡೆ ಕೊಟ್ಟವರು ಬಹಳ ಹೆಚ್ಚು. ಆದರೆ ಮಾತು ಬಾಯಲ್ಲಿದ್ದು ಕಾಲು ಹೊಸ್ತಿಲ ಮೇಲಿದ್ದರೆ ಪ್ರಯೋಜನವಿಲ್ಲ. ಹೇಳಿ, ಒಂದು ನಿಮಿಷ ನಿಂತು, ಉತ್ತರ ಬರದಿದ್ದರೆ ನಮಸ್ಕಾರ ಹೇಳಿ ಹೊರಡಿ.

ಹೆಜ್ಜೆ 7: ಪಟ್ಟಿ, ಮೈಕು, ಫಲಕ

ರಸೀದಿ ಪುಸ್ತಕ ಕೈಗೆ ಸಿಕ್ಕಿದ ತಕ್ಷಣ ಜನ ಹಿಂದಿನ ಹಾಳೆ ತಿರುವುತ್ತಾರೆ: 'ಯಾರ್ಯಾರು ಎಷ್ಟೆಷ್ಟ್ ಬರ್ಸವ್ರೆ?' ಇದು ಬರೀ ಕುತೂಹಲವಲ್ಲ, ಎಷ್ಟು ಕೊಟ್ಟರೆ ಸರಿ ಎಂಬ ಅಳತೆ ಹುಡುಕುತ್ತಿದ್ದಾರೆ. ಜೆನ್ ಶಾಂಗ್ ಮತ್ತು ರೇಚಲ್ ಕ್ರೋಸನ್ 2009ರಲ್ಲಿ ತೋರಿಸಿದಂತೆ, ರೇಡಿಯೊ ಕೇಂದ್ರಕ್ಕೆ ಫೋನ್ ಮಾಡಿದ ದಾನಿಗಳಿಗೆ ಇನ್ನೊಬ್ಬರು 300 ಡಾಲರ್ ಕೊಟ್ಟರೆಂದು ತಿಳಿಸಿದಾಗ ಅವರು ಶೇ. 12ರಷ್ಟು ಹೆಚ್ಚು ಕೊಟ್ಟರು. ಆದ್ದರಿಂದ ಪುಸ್ತಕದ ಮೊದಲ ಹತ್ತು ರಸೀದಿಗೆ ಯಾರ ಮನೆ ಎಂದು ಯೋಚಿಸಿ ಹೋಗಿ. ಕಂಟ್ರಾಕ್ಟರರ 50,000 ಕಂಡರೆ ಎರಡೆಕರೆ ರೈತ 'ಅವ್ರಿಗೇನಪ್ಪ' ಎಂದು ಬಿಟ್ಟುಬಿಡುತ್ತಾನೆ. ಅವನ ಸರೀಕರ 500, 1,000 ಕಾಣಬೇಕು. ಬರೆದದ್ದು ನಿಜವೇ ಆಗಿರಬೇಕು. ಸುಳ್ಳು ರಸೀದಿ ಒಂದು ಸಂಜೆಯೊಳಗೆ ಟೀ ಅಂಗಡಿಯಲ್ಲಿ ಬಯಲಾಗುತ್ತದೆ.

ಮೈಕಿನಲ್ಲಿ ಹೆಸರು ಓದಿ, ಮೊತ್ತ ಓದಬೇಡಿ. ಹೆಸರಿನ ಆಸೆ ಹಳೆಯದು, ಅದರಲ್ಲಿ ತಪ್ಪೂ ಇಲ್ಲ. ಮೈಸೂರಿನಲ್ಲಿ ಮರಿಮಲ್ಲಪ್ಪನವರ, ಬನುಮಯ್ಯನವರ ಹೆಸರು ಇವತ್ತಿಗೂ ಶಾಲೆ ಕಾಲೇಜುಗಳ ಮೇಲಿದೆ. ಆದರೆ ಮೊತ್ತ ಕೂಗಿದರೆ ನೂರು ಕೊಟ್ಟವರು ಮುಂದಿನ ಸಲ ಸಭೆಗೇ ಬರುವುದಿಲ್ಲ. ಗೋಡೆಯ ಫಲಕಕ್ಕೆ ಒಂದು ಗುಟ್ಟು: '5,000 ಮೇಲ್ಪಟ್ಟು' ಎಂದು ಗೆರೆ ಎಳೆದರೆ ಜನ ಸರಿಯಾಗಿ 5,000ಕ್ಕೇ ನಿಲ್ಲುತ್ತಾರೆ. ಮೇಲೆ ಹೇಳಿದ ಹಾರ್ಬೋ ಅವರೇ 1998ರಲ್ಲಿ ದಾನಿಗಳ ಪಟ್ಟಿಗಳಲ್ಲಿ ಇದನ್ನು ತೋರಿಸಿದ್ದರು. ಹಾಗಾಗಿ ನಿಮ್ಮವರು ಸಹಜವಾಗಿ ಕೊಡುವುದಕ್ಕಿಂತ ಒಂದಿಷ್ಟು ಮೇಲೆ ಗೆರೆ ಎಳೆಯಿರಿ. 2,000 ರೂಢಿಯಾದರೆ ಗೆರೆ 3,000ಕ್ಕೆ. ಹೆಸರು ಬೇಡ ಎನ್ನುವವರಿಗೆ ರಸೀದಿಯಲ್ಲೇ ಒಂದು ಗುರುತಿನ ಚೌಕ ಇರಲಿ.

ಶಾಲು, ಹಾರ, ಸ್ಮರಣಿಕೆ ಕೊಡುತ್ತೇವೆಂದು ಮುಂಚೆಯೇ ಸಾರಬೇಡಿ. ಜಾರ್ಜ್ ನ್ಯೂಮನ್ ಮತ್ತು ಜೆರೆಮಿ ಶೆನ್ 2012ರಲ್ಲಿ ಕಂಡದ್ದು, ಉಡುಗೊರೆ ಮುಂದಿಟ್ಟಾಗ ಜನ ಕೊಡುವುದು ಕಡಿಮೆಯಾಗುತ್ತದೆ. ಕೊಡುವುದು ವ್ಯಾಪಾರವಾಗಿಬಿಡುತ್ತದೆ.

ಹೆಜ್ಜೆ 8: ಖಾತೆ ಮತ್ತು ಕಾಗದ

ಹಣ ಯಾರೊಬ್ಬರ ಸ್ವಂತ ಖಾತೆಗೂ ಬೀಳಬಾರದು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಶಾಲೆಯ ಅಥವಾ ಸಂಘದ ಹೆಸರಿನ ಬದಲು ಕಾರ್ಯದರ್ಶಿಯ ಹೆಸರು ಬಂದರೆ ಅರ್ಧ ಜನ ಅಲ್ಲೇ ಫೋನು ಮುಚ್ಚುತ್ತಾರೆ. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಜಂಟಿ ಖಾತೆಯನ್ನೋ ನೋಂದಾಯಿತ ಸಂಘದ ಖಾತೆಯನ್ನೋ ಬಳಸಿ.

80ಜಿ ಎಂದೇ ಹೆಸರಾದ, ದೇಣಿಗೆಗೆ ಕೊಡುವ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆಂದು ಆಸೆ ಹುಟ್ಟಿಸಬೇಡಿ. ಅದಕ್ಕೆ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಬೇಕು. 2,000 ಮೀರಿದ ನಗದಿಗೆ ಅದು ಸಿಗದು, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೂ ಸಿಗದು.

ಅಮೆರಿಕದಲ್ಲಿರುವ ಹಳೆ ವಿದ್ಯಾರ್ಥಿಗಳ ವಿಷಯದಲ್ಲಿ ಹುಷಾರು. ಭಾರತದ ಪಾಸ್‌ಪೋರ್ಟ್ ಇನ್ನೂ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರ ಹಣ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ. ಕೇಳುವ ಮುಂಚೆಯೇ ಪಾಸ್‌ಪೋರ್ಟ್ ಯಾವ ದೇಶದ್ದೆಂದು ವಿಚಾರಿಸಿಕೊಳ್ಳಿ.

ಹೆಜ್ಜೆ 9: ಕೆಲಸ ಮುಗಿದ ಮೇಲೆ

ಧನ್ಯವಾದ ಹೇಳಿ, ಅದು ಮರ್ಯಾದೆ. ಅದರಿಂದಲೇ ಮತ್ತೆ ಹಣ ಬರುತ್ತದೆಂದು ಮಾತ್ರ ಲೆಕ್ಕ ಹಾಕಬೇಡಿ. ಆನ್ಯಾ ಸಾಮೆಕ್ ಮತ್ತು ಚಕ್ ಲಾಂಗ್‌ಫೀಲ್ಡ್ ಐದು ಲಕ್ಷಕ್ಕೂ ಹೆಚ್ಚು ದಾನಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಧನ್ಯವಾದದ ಫೋನ್ ಕರೆ ಮುಂದಿನ ದೇಣಿಗೆಯನ್ನು ಹೆಚ್ಚಿಸಲೇ ಇಲ್ಲ. ಕರೆಗೆ ಹಾಕುವ ಹೊತ್ತನ್ನು ಲೆಕ್ಕಪತ್ರಕ್ಕೆ ಹಾಕಿ. ಬಂದದ್ದು, ಖರ್ಚಾದದ್ದು, ಉಳಿದದ್ದು ಒಂದೇ ಹಾಳೆಯಲ್ಲಿ ಬರೆದು, ಬಿಲ್ಲುಗಳ ನಂಬರ್ ಹಾಕಿ, ಶಾಲೆಯ ನೋಟಿಸ್ ಬೋರ್ಡಿಗೂ ಹಾಲಿನ ಡೈರಿ ಗೋಡೆಗೂ ಅಂಟಿಸಿ. ಮೋಟಾರು ಓಡುವ, ನಲ್ಲಿಯಲ್ಲಿ ನೀರು ಬೀಳುವ ಅರ್ಧ ನಿಮಿಷದ ವಿಡಿಯೊವನ್ನು ಕೊಟ್ಟವರಿಗೆಲ್ಲ ಕಳಿಸಿ. ಮಕ್ಕಳ ಮುಖ ಬೇಡ, ಹೊಸ ಬಾಗಿಲು, ಚಿಲಕ ಕಂಡರೆ ಸಾಕು.

ಶೇ. 10 ಸೇರಿಸಿದ್ದರಲ್ಲಿ ಹಣ ಉಳಿದರೆ ಅದನ್ನು ಸಮಿತಿಯ ಊಟಕ್ಕೋ ಸನ್ಮಾನಕ್ಕೋ ಮುಟ್ಟಬೇಡಿ. ಶೌಚಾಲಯ ತೊಳೆಯುವವರ ಕೂಲಿ, ಫಿನಾಯಿಲು, ಮೋಟಾರು ರಿಪೇರಿ ಎಂದು ತಿಂಗಳ ಖರ್ಚಿನ ಅಂದಾಜು ಮಾಡಿ, ಉಳಿಕೆ ಎಷ್ಟು ತಿಂಗಳಿಗೆ ಬರುತ್ತದೆ ಎಂಬುದನ್ನು ಅದೇ ಹಾಳೆಯ ಕೊನೆಯಲ್ಲಿ ಬರೆಯಿರಿ. ಮುಂದಿನ ಸಲ ಯಾವ ತಿಂಗಳು ಕೇಳಬೇಕಾಗುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.